ಪದಚರ್ಚೆ: ಕಾಂತ ಬಿರುಗಾಳಿ ‘ಚೇತರಿಸಿಕೊಳ್ಳುತ್ತದೆಯೇ’?

ಕಾಂತ ಬಿರುಗಾಳಿ, ಅಂದರೆ ಸೂರ್ಯನಿಂದ ಬರುವ ಕಣಗಳ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರ ಕದಡುವುದು, ಅದು ಕೊನೆಯಾಗುವ ಹಂತವನ್ನು (ಇಂಗ್ಲಿಷಿನ ‘ರಿಕವರಿ ಫೇಸ್’) ನಿಮ್ಮ ಫಲಕದಲ್ಲಿ ಕನ್ನಡದಲ್ಲಿ ಏನನ್ನಬೇಕು ಅಂತ ಕೇಳಿದ್ದೀರಿ. ಫಲಕ ನಾಳೆಯೇ ಅಚ್ಚಿಗೆ ಹೋಗಬೇಕು ಅಂದಿದ್ದೀರಿ, ಹಾಗಾಗಿ ಮೊದಲು ಪದಗಳು. ಬಿರುಗಾಳಿ ತಗ್ಗುತ್ತದೆ, ಕಾಂತಕ್ಷೇತ್ರ ಚೇತರಿಸಿಕೊಳ್ಳುತ್ತದೆ, ಭೂಮಿಯನ್ನು ಸುತ್ತುವ ಉಂಗುರ ವಿದ್ಯುತ್ ಪ್ರವಾಹ ಕುಂದುತ್ತದೆ. ಮೂರಕ್ಕೂ ‘ಶಮನ’ ಅಂತ ಬರೆದರೆ ಯಾವುದು ಏನಾಯಿತು ಅಂತ ಗೊತ್ತಾಗಲ್ಲ.

‘ಬಿರುಗಾಳಿಯ ಚೇತರಿಕೆ’ ಅಂದರೆ ಬಿರುಗಾಳಿಗೇ ಮತ್ತೆ ಬಲ ಬಂತು ಅಂತ ಓದುಗರು ತಿಳಿಯುತ್ತಾರೆ, ಅಲ್ವಾ? ಇಲ್ಲೊಬ್ಬರು ಸೂಚಿಸಿದ ‘ಇಳಿಹಂತ’ ಕಿವಿಗೆ ಚೆನ್ನಾಗಿದೆ. ಆದರೆ ನಿಮ್ಮ ಫಲಕದಲ್ಲಿರೋದು ಡಿಎಸ್‌ಟಿ ಸೂಚ್ಯಂಕದ ಗ್ರಾಫ್, ಅಂದರೆ ಭೂಮಿಯ ಮೇಲಿನ ಕಾಂತಕ್ಷೇತ್ರ ಮಾಮೂಲಿಗಿಂತ ಎಷ್ಟು ಕುಗ್ಗಿದೆ ಅಂತ ತೋರಿಸುವ ಅಳತೆ. 1989ರ ಮಾರ್ಚಿನಲ್ಲಿ ಆ ಗೆರೆ ಮೈನಸ್ 589 ನ್ಯಾನೊಟೆಸ್ಲಾಕ್ಕೆ ಕುಸಿದಿತ್ತು, ಬಿರುಗಾಳಿ ತಗ್ಗಿದ ಹಾಗೆ ಮೇಲಕ್ಕೇರಿತು. ಏರುತ್ತಿರುವ ಗೆರೆಯ ಪಕ್ಕ ‘ಇಳಿಹಂತ’ ಅಂತ ಬರೆಯೋಕಾಗುತ್ತಾ? ‘ಕ್ಷೇತ್ರ ಚೇತರಿಕೆಯ ಹಂತ’ ಅಂತ ಹಾಕಿ.

ಪ್ರವಾಹಕ್ಕೆ ‘ಕುಂದು’ ಯಾಕೆ ಅಂದರೆ, ಅಲ್ಲಿ ನಡೆಯೋದೇ ಅದು. ಸುತ್ತುತ್ತಿರುವ ಪ್ರೋಟಾನು, ಆಮ್ಲಜನಕದ ಅಯಾನುಗಳು ಅಲ್ಲಿನ ತಣ್ಣನೆಯ ಹೈಡ್ರೋಜನ್ ಪರಮಾಣುಗಳಿಂದ ಎಲೆಕ್ಟ್ರಾನು ಕಿತ್ತುಕೊಂಡು ವಿದ್ಯುದಂಶ ಕಳೆದುಕೊಳ್ಳುತ್ತವೆ, ಆಮೇಲೆ ಕಾಂತಕ್ಷೇತ್ರಕ್ಕೆ ಅವುಗಳ ಮೇಲೆ ಹಿಡಿತವಿಲ್ಲ, ನೇರ ಹಾರಿಹೋಗುತ್ತವೆ. ದೊಡ್ಡ ಬಿರುಗಾಳಿಗಳಲ್ಲಿ ಮೊದಲು ಬೇಗ ಬೇಗ, ಆಮೇಲೆ ನಿಧಾನವಾಗಿ ಕುಂದುತ್ತದೆ, ಪೂರ್ತಿ ಮುಗಿಯೋಕೆ ದಿನಗಳೇ ಬೇಕು. ‘ಶಾಂತ ಹಂತ’ವಂತೂ ಬೇಡವೇ ಬೇಡ. ಇದೇ ಹೊತ್ತಿನಲ್ಲಿ ಭೂಮಿಯನ್ನು ಸುತ್ತುವರಿದ ಹೊರಗಿನ ವಿಕಿರಣ ಪಟ್ಟಿಯಲ್ಲಿ ಭಾರೀ ವೇಗದ ಎಲೆಕ್ಟ್ರಾನುಗಳು ಎಷ್ಟೋ ಸಲ ಜಾಸ್ತಿಯಾಗುತ್ತವೆ, ಉಪಗ್ರಹಗಳಿಗೆ ಅಪಾಯ.

ಇನ್ನು ‘ಸಬ್‌ಸ್ಟಾರ್ಮ್’ಗೆ ಹಾಕಿರೋ ‘ಉಪಬಿರುಗಾಳಿ ಅರಿಸಮಾಸ, ಕೈಬಿಡಿ’ ಅನ್ನೋ ತಕರಾರು. ಒಪ್ಪಲ್ಲ. ಉಪಕಾಲುವೆಯನ್ನು ಒಪ್ಪಿಕೊಂಡ ನುಡಿಗೆ ಇದು ಹೊರೆಯಲ್ಲ. ‘ಕಿರುಬಿರುಗಾಳಿ’ ಅಂದರೆ ದೊಡ್ಡದರ ಚಿಕ್ಕ ರೂಪ ಅಂತಾಗುತ್ತದೆ, ಅದು ತಪ್ಪು. ಭೂಮಿಯ ಇರುಳಿನ ಕಡೆಗೆ ಚಾಚಿದ ಕಾಂತಬಾಲದಲ್ಲಿ ಕೂಡಿಟ್ಟ ಶಕ್ತಿ ಒಮ್ಮೆಲೇ ಬಿಡುಗಡೆಯಾಗುವುದೇ ಉಪಬಿರುಗಾಳಿ. ದೊಡ್ಡ ಬಿರುಗಾಳಿ ಇಲ್ಲದ ದಿನವೂ ಅದು ಬರುತ್ತದೆ, ಒಂದೇ ದಿನ ಹಲವು ಸಲವೂ ಬರಬಹುದು. ಪ್ರೋಟಾನು, ಅಯಾನುಗಳನ್ನು ಹಾಗೇ ಉಳಿಸಿಕೊಂಡು ‘ಉಪ’ದ ಮೇಲೆ ಮಾತ್ರ ಹಟ ಹಿಡಿಯೋದು ನನಗೆ ಸರಿಕಾಣದು.

ಅಂದಹಾಗೆ, ಉಪಬಿರುಗಾಳಿ ತಗ್ಗೋಕೆ ಸಾಮಾನ್ಯವಾಗಿ ಒಂದೆರಡು ಗಂಟೆ ಸಾಕು. ನಿಮ್ಮ ಕರಡಿನಲ್ಲಿ ಬಿರುಗಾಳಿ, ಉಪಬಿರುಗಾಳಿ ಎರಡಕ್ಕೂ ‘ಹಲವು ದಿನ’ ಅಂತಿದೆ, ತಿದ್ದಿಬಿಡಿ.