ಅಪ್‌ಡೇಟ್: ಕಂದಾಯ ಬಾಕಿಗೆ ಹರಾಜಾದ ನಮ್ಮ ತೋಟದ ಕೇಸು

ಹೋದ ತಿಂಗಳು ಕೇಳಿದ್ದೆ ಅಲ್ವಾ, ಕಂದಾಯ ಬಾಕಿ ಅಂತ ಅಜ್ಜನ ತೋಟ ಹರಾಜು ಹಾಕಿದ್ದಾರೆ, ಸಿವಿಲ್ ಕೋರ್ಟಿಗೆ ಹೋಗಬಹುದಾ ಅಂತ. ನಿಮ್ಮಲ್ಲಿ ಅರ್ಧ ಜನ ಬೇಡ ಅಂದಿದ್ರಿ. ನಾನು ಕೇಳಲಿಲ್ಲ, ದಾವೆ ಹಾಕಿಸಿಬಿಟ್ಟೆ.

ಮೊನ್ನೆ ಚಿಕ್ಕಮಗಳೂರಲ್ಲಿ ಹಿರಿಯ ವಕೀಲರೊಬ್ಬರನ್ನು ಕಂಡೆ. ಅವರು ದಾವೆ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಆಗಲೇ ಅರ್ಥವಾಯಿತು. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 61ನೇ ಸೆಕ್ಷನ್ ಪ್ರಕಾರ, ಬಾಕಿಗಾಗಿ ನಡೆದ ಹರಾಜಲ್ಲಿ ಕ್ರಮ ತಪ್ಪಿದೆ, ಏನೋ ಎಡವಟ್ಟಾಗಿದೆ ಅಂತ ರದ್ದು ಮಾಡಿಸೋಕೆ ಸಿವಿಲ್ ಕೋರ್ಟಿಗೆ ಬರುವ ಹಾಗಿಲ್ಲ, ಅದು ಕಂದಾಯ ಅಧಿಕಾರಿಗಳ ಮುಂದೆಯೇ ತೀರ್ಮಾನವಾಗಬೇಕು. ಸಿವಿಲ್ ಕೋರ್ಟಿಗೆ ಒಂದೇ ಬಾಗಿಲು ತೆರೆದಿದೆ: ಹರಾಜಲ್ಲಿ ಮೋಸ ನಡೆದಿದೆ ಅನ್ನೋದು.

ನನ್ನ ದಾವೆಯಲ್ಲಿ ಇದ್ದದ್ದೇನು? ಊರಲ್ಲಿ ತಮಟೆ ಹೊಡೆಸಲಿಲ್ಲ, ನೋಟಿಸ್ ತೀರಿಹೋದ ಅಜ್ಜನ ಹೆಸರಿಗೇ ಬಂತು. ಇದೆಲ್ಲ ಬರೀ ಕ್ರಮದ ತಪ್ಪು. ಮೋಸ ಅಂತ ಸುಮ್ನೆ ಬರೆದರೆ ಸಾಲದು, ಯಾರು, ಯಾವಾಗ, ಹೇಗೆ ಅಂತ ವಿವರ ಕೊಡಬೇಕಂತೆ. ಇಲ್ಲದಿದ್ದರೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 7, ನಿಯಮ 11ರಲ್ಲಿ ದಾವೆ ಶುರುವಲ್ಲೇ ತಿರಸ್ಕಾರ.

ಜಾಸ್ತಿ ಹೊಟ್ಟೆ ಉರಿದದ್ದು ದಿನಗಳ ಲೆಕ್ಕಕ್ಕೆ. ಹರಾಜು ರದ್ದತಿ ಅರ್ಜಿಗೆ ಇರೋದು 30 ದಿನ, ನಾನು ಅದನ್ನು ತಪ್ಪು ಬಾಗಿಲು ತಟ್ಟುತ್ತಾ ಕಳೆದೆ. ಈಗ ದಾವೆ ವಾಪಸ್ ತಗೊಂಡು ಡಿಸಿ ಅವರ ಮುಂದೆ ಅರ್ಜಿ ಹಾಕುತ್ತಿದ್ದೇವೆ, ತಡವಾದದ್ದನ್ನು ಮನ್ನಿಸಿ ಅಂತ ಇನ್ನೊಂದು ಅರ್ಜಿಯೂ ಜೊತೆಗೆ. ಅಮ್ಮ ಹಳೇ ಟ್ರಂಕಿನಿಂದ ಗೆದ್ದಲು ಹಿಡಿದ ಕಂದಾಯ ರಸೀದಿಗಳ ಕಟ್ಟು ತೆಗೆದಿದ್ದಾರೆ, ನಾಳೆ ಅದನ್ನೆಲ್ಲ ಜೆರಾಕ್ಸ್ ಮಾಡಿಸಬೇಕು.