ಮಿಲ್ಟನ್ ಚಂಡಮಾರುತ ಆದಮೇಲೆ ಮನೆ ಮುಂದಿನ ಕಸದ ರಾಶಿ: ನಾವೇ ರಸ್ತೆ ಬದಿಗೆ ಹಾಕಬೇಕಾ, ಜನ ಕರೆಸಬೇಕಾ?

ಹೊಸ ಮನೆ, ಫ್ಲೋರಿಡಾದ ಟ್ಯಾಂಪಾ ಕಡೆ: 2024ರ ಅಕ್ಟೋಬರ್ 9ರ ರಾತ್ರಿ ಹಿತ್ತಲಿನ ಓಕ್ ಮರ ಬೇಲಿ ಮೇಲೆ ಬಿತ್ತು. ಕೊಂಬೆ, ಬೇಲಿ ಹಲಗೆ, ಕೆಟ್ಟ ಫ್ರಿಜ್ ಎಲ್ಲಾ ಇವೆ. ಅನುಭವ ಇದ್ದವರು ಹೇಳಿ.

ಸರಸೋಟಾ ರಾವ್: ನಾನು ಜನ ಕರೆಸಿದೆ. ಮರ ಕಡಿಯಲು 2,400 ಡಾಲರ್. ಸಾಗಿಸುತ್ತೇವೆ ಅಂತ ಬಾಯಲ್ಲಿ ಹೇಳಿದ್ದರು. ದುಡ್ಡು ಕೈಗೆ ಬಿದ್ದಮೇಲೆ ದಿಮ್ಮಿಗಳನ್ನು ರಸ್ತೆ ಬದಿಗೆ ಒಟ್ಟಿ ಹೊರಟೇ ಹೋದರು. ಕಂಟ್ರಾಕ್ಟರ್ ಕಡಿದ ಮರವನ್ನು ಅವನೇ ಸಾಗಿಸಬೇಕು, ರಸ್ತೆ ಬದಿಯ ರಾಶಿ ಒಯ್ಯುವ ಕೌಂಟಿ (ಜಿಲ್ಲಾಡಳಿತ) ಲಾರಿ ಮುಟ್ಟುವುದಿಲ್ಲ. ಪಕ್ಕದ ಮನೆಯವರ ಕೊಂಬೆಗಳನ್ನು ಎತ್ತಿಕೊಂಡು ನಮ್ಮದನ್ನು ಹಾಗೇ ಬಿಟ್ಟು ಹೋಯಿತು. ಸಾಗಿಸಲು ಮತ್ತೆ 900. ಇನ್ಶೂರೆನ್ಸ್‌ನಲ್ಲಿ ಒಂದು ಮರಕ್ಕೆ 500 ಅಂತ ಮಿತಿ. ಅದೂ ನಷ್ಟ ಹರಿಕೇನ್ ಡಿಡಕ್ಟಿಬಲ್ (ಮೊದಲು ನಾವೇ ಹೊರಬೇಕಾದ ಪಾಲು) ದಾಟಿದರೆ ಮಾತ್ರ. ನಮ್ಮದು ಮನೆಯ ವಿಮಾ ಮೊತ್ತದ ಶೇ. 2, ಅಂದರೆ 8,000 ಡಾಲರ್! ಒಂದು ಪೈಸೆ ಬರಲಿಲ್ಲ.

ಹ್ಯೂಸ್ಟನ್ ಸುಮಾ: ಸುಮ್ನೆ ಯಾಕೆ ಅಷ್ಟು ದುಡ್ಡು ಸುರಿಯಬೇಕು? 2017ರಲ್ಲಿ ಹಾರ್ವಿ ಚಂಡಮಾರುತ ಬಂದಾಗ ನಮ್ಮ ಮನೆಯೊಳಗೆ ಮೊಣಕಾಲುದ್ದ ನೀರು. ನಾವಿಬ್ಬರೇ ಎಲ್ಲಾ ಕಿತ್ತೆವು. ನೆನೆದ ಕಾರ್ಪೆಟ್ ಎತ್ತಲು ಆಗುವುದಿಲ್ಲ. ಚಾಕುವಿನಿಂದ ಪಟ್ಟಿ ಪಟ್ಟಿಯಾಗಿ ಕೊಯ್ದು, ಸುರುಳಿ ಸುತ್ತಿ ಎಳೆದೆವು. ಒಂದು ತುಂಡನ್ನು ನಷ್ಟ ಅಂದಾಜು ಮಾಡುವ ಇನ್ಶೂರೆನ್ಸ್ ಅಡ್ಜಸ್ಟರ್‌ಗೆ ತೋರಿಸಲು ಎತ್ತಿಟ್ಟೆ. ಪ್ರತಿ ಸಾಮಾನನ್ನು ಹೊರಗೆ ಹಾಕುವ ಮುಂಚೆ ಫೋಟೋ ತೆಗೆದೆ. ಗೋಡೆಯ ಷೀಟ್‌ರಾಕ್ ಹಲಗೆ ಒಂದು ಕಡೆ, ಫ್ರಿಜ್ ಮತ್ತು ಒಲೆ ಇನ್ನೊಂದು ಕಡೆ, ಪೇಂಟ್ ಡಬ್ಬಗಳು ಬೇರೆ. ಫ್ರಿಜ್ ಒಳಗೆ ಕೊಳೆತಿದ್ದನ್ನೆಲ್ಲ ತೆಗೆದು ಬಾಗಿಲಿಗೆ ಟೇಪ್ ಸುತ್ತಿದೆ. ನಮ್ಮ ರಾಶಿ ಮೊದಲ ಸುತ್ತಿಗೇ ಹೋಯಿತು. ಎಲ್ಲವನ್ನೂ ಬೆರೆಸಿ ಹಾಕಿದವರದ್ದು ಅಲ್ಲೇ ಉಳಿಯಿತು.

ಸರಸೋಟಾ ರಾವ್: ಮೇಡಂ, ಕಾರ್ಪೆಟ್ ಕೊಯ್ಯುವುದೂ ಓಕ್ ಮರ ಕೊಯ್ಯುವುದೂ ಒಂದೇನಾ? ನನಗೆ ಬೆನ್ನಿನ ಆಪರೇಷನ್ ಆಗಿದೆ.

ಹ್ಯೂಸ್ಟನ್ ಸುಮಾ: 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಬಂದಾಗ ಪೀಕಾನ್ ಮರವನ್ನೂ ನಾವೇ ಕೊಯ್ದಿದ್ದೇವೆ. ಗೊತ್ತಿಲ್ಲದೆ ಮಾತಾಡಬೇಡಿ.

ಗೇಟ್ ಒಳಗಿನವನು: ನೀವು ಪುಣ್ಯವಂತರು, ಲಾರಿಯಾದರೂ ಬಂತು. ನಮ್ಮದು ಖಾಸಗಿ ರಸ್ತೆ. ಲಾರಿ ಒಳಗೆ ಬರಲು ಮನೆ ಮಾಲೀಕರ ಅಸೋಸಿಯೇಷನ್ ಅನುಮತಿ ಪತ್ರಕ್ಕೆ ಸಹಿ ಹಾಕಬೇಕು. ಅದನ್ನು ನಡೆಸುವ ನಮ್ಮ ಬೋರ್ಡ್ ಹಾಕಲೇ ಇಲ್ಲ. ಸೆಪ್ಟೆಂಬರ್ 26ರ ಹೆಲೀನ್ ಚಂಡಮಾರುತಕ್ಕೆ ನೆನೆದ ಸೋಫಾ ಇನ್ನೂ ರಸ್ತೆ ಬದಿಯಲ್ಲೇ ಇತ್ತು, ಅಷ್ಟರಲ್ಲಿ ಮಿಲ್ಟನ್ ಬಂತು. ಫ್ಲೋರಿಡಾ ಗವರ್ನರ್ ಡಿಸಾಂಟಿಸ್ ಕಸ ಸುರಿಯುವ ಲ್ಯಾಂಡ್‌ಫಿಲ್‌ಗಳನ್ನು ಹಗಲು ರಾತ್ರಿ ತೆರೆದಿಡಿ ಅಂತ ಆದೇಶ ಮಾಡಿದ್ದರು. ಗೇಟ್ ದಾಟಿ ಲಾರಿನೇ ಬರದಿದ್ದರೆ ಏನು ಪ್ರಯೋಜನ? ಗಾಳಿಗೆ ಆ ಸೋಫಾ ಎದುರು ಮನೆಯವರ ಗ್ಯಾರೇಜ್ ಬಾಗಿಲಿಗೆ ಬಡಿಯಿತು. 1,350 ಡಾಲರ್ ಬಿಲ್ ನನ್ನ ಕೈಗೆ ಕೊಟ್ಟರು!

ಬೋರ್ಡ್ ಸದಸ್ಯೆ, ಒರ್ಲಾಂಡೋ: ನಿಮ್ಮ ಬೋರ್ಡ್ ವಿಷಯ ನನಗೆ ಬೇಡ. ಆದರೆ ಆ ಪತ್ರ ಓದಿದ್ದೀರಾ? ಲಾರಿಯಿಂದ ರಸ್ತೆ ಹಾಳಾದರೆ ಕೌಂಟಿಯನ್ನು ಕೇಳುವ ಹಾಗಿಲ್ಲ ಅಂತ ಬರೆದಿರುತ್ತದೆ. ನಮ್ಮಲ್ಲಿ ಸಹಿ ಹಾಕಿದೆವು, ರಸ್ತೆಗೆ ಹಾಸಿದ ಪೇವರ್ ಕಲ್ಲುಗಳು ಕುಸಿದವು. ರಿಪೇರಿಗೆ ಪ್ರತಿ ಮನೆಯಿಂದ 410 ಡಾಲರ್ ಕೇಳಿದಾಗ ಬೈದವರೂ ನಮ್ಮ ನಿವಾಸಿಗಳೇ, ಲಾರಿ ಎಲ್ಲಿ ಅಂದವರೂ ಅವರೇ. ನಾವು ಸಂಬಳ ಇಲ್ಲದೆ ದುಡಿಯುತ್ತೇವೆ.

ಗೇಟ್ ಒಳಗಿನವನು: 410 ತಾನೇ? ಖುಷಿಯಿಂದ ಕೊಡುತ್ತಿದ್ದೆ. ಅಸೋಸಿಯೇಷನ್‌ಗೆ ತಿಂಗಳಿಗೆ 285 ಡಾಲರ್ ಕಟ್ಟುತ್ತೇನೆ. ಒಂದು ಸಹಿ ಹಾಕಲು ಏನು ಕಷ್ಟ?