ಶ್ವಾಸಕೋಶದಲ್ಲಿ ಎವಿಎಂ: ಕಾಯಿಲ್ ಹಾಕಿಸೋದಾ, ಆಪರೇಷನ್ ಮಾಡಿಸೋದಾ?

ಮಳೆಹನಿ:
ನನ್ನ ತಂಗಿಗೆ 28 ವರ್ಷ. ಮೆಟ್ಟಿಲು ಹತ್ತಿದರೆ ಏದುಸಿರು. ಆಸ್ತಮಾ ಅಂತ ಎರಡು ವರ್ಷ ಇನ್ಹೇಲರ್ ತೆಗೆದುಕೊಂಡಳು, ಏನೂ ಗುಣ ಕಾಣಲಿಲ್ಲ. ಒಂದು ದಿನ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿದೆ, ಮಲಗಿದ್ದಾಗ 94 ಇದ್ದದ್ದು ಎದ್ದು ನಿಂತರೆ 87! ಮೆಷಿನ್ ಕೆಟ್ಟಿರಬೇಕು ಅಂತ ನನ್ನ ಬೆರಳಿಗೂ ಹಾಕಿಕೊಂಡೆ, 98 ತೋರಿಸಿತು. ಸಿಟಿ ಸ್ಕ್ಯಾನಲ್ಲಿ ಬಲ ಶ್ವಾಸಕೋಶದ ಕೆಳಭಾಗದಲ್ಲಿ ಎವಿಎಂ, ಅಂದರೆ ರಕ್ತನಾಳಗಳು ತಪ್ಪಾಗಿ ಸೇರಿಕೊಂಡ ಗಂಟು, ಇದೆ ಅಂತ ಬಂತು. ಒಬ್ಬ ಡಾಕ್ಟರ್ ಆ ಭಾಗ ತೆಗೆಸಿ ಅಂತಾರೆ, ಇನ್ನೊಬ್ಬರು ಕಾಯಿಲ್ (ನಾಳ ಮುಚ್ಚುವ ಸಣ್ಣ ಲೋಹದ ಸುರುಳಿ) ಸಾಕು ಅಂತಾರೆ. ಇವಳು ನೋಡಿದರೆ "ನೋವೇನೂ ಇಲ್ಲ, ಸುಮ್ನೆ ಬಿಟ್ಟುಬಿಡೋಣ" ಅಂತಾಳೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಹಳೇಪೆನ್ನು:
ಬಿಡೋ ಮಾತೇ ಬೇಡ. ಶ್ವಾಸಕೋಶದ ಕೂದಲೆಳೆಯಂಥ ರಕ್ತನಾಳಗಳು ಆಮ್ಲಜನಕ ತುಂಬಿಸುವುದರ ಜೊತೆಗೆ ಜರಡಿ ಕೆಲಸವನ್ನೂ ಮಾಡುತ್ತವೆ. ಎವಿಎಂ ಇದ್ದಲ್ಲಿ ಆ ಜರಡಿಯೇ ಇಲ್ಲ, ಅಪಧಮನಿ ನೇರವಾಗಿ ಅಭಿಧಮನಿಗೆ ಸೇರಿಕೊಂಡಿರುತ್ತದೆ, ಹಾಗಾಗಿ ಸಣ್ಣ ಹೆಪ್ಪೋ ಬ್ಯಾಕ್ಟೀರಿಯಾವೋ ಸೀದಾ ಮಿದುಳಿಗೆ ಹೋಗಬಹುದು. ಪಾರ್ಶ್ವವಾಯು, ಮಿದುಳಲ್ಲಿ ಕೀವು, ಎರಡೂ ಆಗಬಹುದು. ಏದುಸಿರಿಗಿಂತ ನನಗೆ ಇದೇ ದೊಡ್ಡ ಭಯ. ನಿಂತಾಗ ಆಕ್ಸಿಜನ್ ಇಳಿಯುವುದಕ್ಕೂ ಕಾರಣ ಇದೆ. ಇವು ಜಾಸ್ತಿ ಕೆಳಭಾಗದಲ್ಲೇ ಇರುತ್ತವೆ, ನಿಂತರೆ ರಕ್ತ ಅಲ್ಲಿಗೇ ಹೆಚ್ಚು ಹರಿಯುತ್ತದೆ.

ಈಗ ಸಾಮಾನ್ಯವಾಗಿ ಮೊದಲು ಕಾಯಿಲ್ ಅಥವಾ ಪ್ಲಗ್ಗೇ. ತೊಡೆಸಂದಿನ ನಾಳದಿಂದ ಸಣ್ಣ ಟ್ಯೂಬ್ ಬಿಟ್ಟು, ಎವಿಎಂಗೆ ರಕ್ತ ತರುವ ನಾಳವನ್ನು ಮುಚ್ಚುತ್ತಾರೆ. ನನಗೂ ಹಾಗೇ ಮಾಡಿದ್ದು, ಮರುದಿನ ನಡೆದುಕೊಂಡೇ ಮನೆಗೆ ಬಂದೆ. ಶ್ವಾಸಕೋಶದ ತುಂಡು ಹೋಗುವುದಿಲ್ಲ, ಅದೇ ದೊಡ್ಡ ಲಾಭ. ಆ ಮೊದಲ ಡಾಕ್ಟರನ್ನು "ಕಾಯಿಲ್ ಯಾಕೆ ಆಗಲ್ಲ?" ಅಂತ ನೇರವಾಗಿ ಕೇಳಿ.

ಕೆಂಪುದಾರ:
ನನಗೆ ಮೊದಲು ಕಾಯಿಲ್ ಹಾಕಿದ್ದರು. ಕೆಲವು ವರ್ಷ ಆದಮೇಲೆ ಸ್ಕ್ಯಾನಲ್ಲಿ ಅದೇ ನಾಳ ಮತ್ತೆ ತೆರೆದುಕೊಂಡಿದ್ದು ಕಂಡಿತು, ಇನ್ನೊಂದು ಸಲ ಹಾಕಿದರೂ ನಿಲ್ಲಲಿಲ್ಲ. ಕೊನೆಗೆ ಕೀಹೋಲಲ್ಲಿ (ಸಣ್ಣ ರಂಧ್ರ ಮಾಡಿ) ಆ ತುಂಡನ್ನಷ್ಟೇ ತೆಗೆದರು, ಶ್ವಾಸಕೋಶದ ಇಡೀ ಹಾಲೆ (ಲೋಬ್) ಅಲ್ಲ. ಎದೆಗೆ ಹಾಕಿದ ಟ್ಯೂಬ್ ಮೂರು ದಿನ ಇತ್ತು. ಕೆಮ್ಮು ಬಂದಾಗಲೆಲ್ಲ ದಿಂಬನ್ನು ಪಕ್ಕೆಗೆ ಒತ್ತಿ ಹಿಡಿದುಕೊಳ್ಳುತ್ತಿದ್ದೆ. ಕಾಯಿಲ್ ಕೈಕೊಟ್ಟರೆ, ಎದೆಯೊಳಗೆ ಒಡೆದು ರಕ್ತ ಸೋರಿದರೆ, ಅಥವಾ ನಾಳಗಳ ಜಾಲ ತುಂಬಾ ತೊಡಕಾಗಿದ್ದರೆ ಆಪರೇಷನ್ ಬೇಕಾಗಬಹುದು. ಅದಕ್ಕೂ ಹೆದರಬೇಡಿ. ಯಾವುದು ಮಾಡಿಸಿದರೂ ಆಮೇಲೆ ಸ್ಕ್ಯಾನ್ ತಪ್ಪಿಸಬೇಡಿ.

ಹಳೇಪೆನ್ನು:
ಇನ್ನೊಂದು ಮಾತು ಬಿಟ್ಟುಹೋಯಿತು. ಹಲ್ಲು ಕೀಳಿಸುವ, ಕ್ಲೀನ್ ಮಾಡಿಸುವ ಮೊದಲು ಆಂಟಿಬಯಾಟಿಕ್ ಬೇಕಾ ಅಂತ ಡಾಕ್ಟರನ್ನು ಕೇಳಿ. ಡ್ರಿಪ್ ಹಾಕುವಾಗ ಟ್ಯೂಬಲ್ಲಿ ಗಾಳಿಗುಳ್ಳೆ ಇರಬಾರದು, ಎವಿಎಂ ಇದೆ ಅಂತ ನರ್ಸಿಗೆ ನೀವೇ ಹೇಳಿ. ತಂಗಿಗೆ ಮೂಗಿಂದ ರಕ್ತ ಬರುತ್ತಾ? ಬರುತ್ತಿದ್ದರೆ ಇದು ಎಚ್‌ಎಚ್‌ಟಿ ಇರಬಹುದು. ಅದು ರಕ್ತನಾಳಗಳು ಅಸಹಜವಾಗಿ ಬೆಳೆಯುವ ಕಾಯಿಲೆ, ತುಟಿ, ನಾಲಿಗೆ ಮೇಲೆ ಕೆಂಪು ಚುಕ್ಕಿಗಳೂ ಕಾಣಬಹುದು. ಮನೆತನದಲ್ಲಿ ಬರುತ್ತದೆ, ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50.

ಮಳೆಹನಿ:
ಚಿಕ್ಕವಳಿದ್ದಾಗಿಂದ ಅವಳ ದಿಂಬಿನ ಕವರ್ ಮೇಲೆ ರಕ್ತದ ಕಲೆ ಇರುತ್ತಿತ್ತು, ಸೆಕೆಗೆ ಅಂತ ಬಿಟ್ಟಿದ್ದೆವು. ನಿಮ್ಮ ಮಾತು ಓದಿ ಈಗ ಅಮ್ಮನನ್ನು ಬೆಳಕಿಗೆ ಕೂರಿಸಿ ನೋಡಿದೆ. ತುಟಿ ಮೇಲೆ ಎರಡು, ನಾಲಿಗೆ ತುದಿಯಲ್ಲಿ ಒಂದು ಕೆಂಪು ಚುಕ್ಕಿ ಇದೆ. ನಾಳೆ ತಂಗಿ ಜೊತೆ ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ, ನನ್ನದೂ ಚೆಕ್ ಮಾಡಿಸುತ್ತೇನೆ.